ಚಹಾ ತೋಟದಲ್ಲಿ ಒಂದು ರಾತ್ರಿ, ಹಕ್ಕಾ ಊರುಗಳಲ್ಲಿ ಎರಡು ಹಗಲು

ಚೀನಾದ ದಕ್ಷಿಣ ಕರಾವಳಿಯ ಗ್ವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಗ್ವಾಂಗ್‌ಝೌ, ಶೆಂಝೆನ್ ನೋಡಿ ಹಿಂದಿರುಗುತ್ತಾರೆ. ಅದೇ ಪ್ರಾಂತ್ಯದ ಈಶಾನ್ಯ ಮೂಲೆ ಗುಡ್ಡಗಾಡು. ಅಲ್ಲಿರುವ ಮೇಝೌ, ಜಗತ್ತಿನ ಹಕ್ಕಾ ಜನರು ತಮ್ಮ ತವರೆಂದು ಹೇಳಿಕೊಳ್ಳುವ ನಗರ. ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಯಾನ್‌ಯಾಂಗ್ ಪಟ್ಟಣದ ಬಳಿ ಯಾನ್‌ನಾನ್‌ಫೇ ಎಂಬ ಚಹಾ ತೋಟವಿದೆ. ತೋಟದ ನಡುವೆಯೇ ಹೋಟೆಲು, ವಿಲ್ಲಾಗಳು, ಚಹಾ ಸವಿಯುವ ಮಂಟಪಗಳು. ಚೀನಾ ಸರ್ಕಾರ ಪ್ರವಾಸಿ ತಾಣಗಳಿಗೆ ಕೊಡುವ ಅತ್ಯುನ್ನತ ದರ್ಜೆಯಾದ 5ಎ 2011ರಲ್ಲಿ ಇದಕ್ಕೆ ಸಿಕ್ಕಿತು. ಚಹಾ ಮತ್ತು ಹಕ್ಕಾ ಸಂಸ್ಕೃತಿ ಎರಡನ್ನೂ ಒಂದೇ ಕಡೆ, ಒಂದೇ ಚೀಟಿಯಲ್ಲಿ ನೋಡಬಹುದು ಎಂಬ ನಿರೀಕ್ಷೆಯಲ್ಲಿ ಜನ ಇಲ್ಲಿಗೆ ಬರುತ್ತಾರೆ. ಈ ನಿರೀಕ್ಷೆ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಚಹಾ ತೋಟದಲ್ಲಿ ಚಹಾ ಸಿಗುತ್ತದೆ, ವಿಶ್ರಾಂತಿಯೂ ಸಿಗುತ್ತದೆ. ಹಕ್ಕಾ ಸಂಸ್ಕೃತಿ ಇರುವುದು ತೋಟದ ಬೇಲಿಯಾಚೆಯ ಊರುಗಳಲ್ಲಿ, ಹಳೆಯ ಮನೆಗಳಲ್ಲಿ, ಒಂದು ನದಿ ಬಂದರಿನಲ್ಲಿ. ಆದ್ದರಿಂದ ರೆಸಾರ್ಟಿಗೆ ಒಂದು ರಾತ್ರಿ ಕೊಟ್ಟು, ಉಳಿದ ಹೊತ್ತನ್ನು ಹೊರಗಿನ ಊರುಗಳಿಗೆ ಮೀಸಲಿಡಬೇಕು.

ಇದು ಕನ್ನಡ ಓದುಗರಿಗೆ ಹೊಸ ಮಾತಲ್ಲ. ಕೊಡಗಿನ ಕಾಫಿ ಎಸ್ಟೇಟಿನ ರೆಸಾರ್ಟಿನಲ್ಲಿ ಎರಡು ದಿನ ಮಲಗೆದ್ದು ಬಂದವರು ಕೊಡವರ ಬದುಕು ಕಂಡೆವೆಂದರೆ ಯಾರೂ ಒಪ್ಪುವುದಿಲ್ಲ. ಕಾಫಿ ತೋಟಗಾರಿಕೆ ಅಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೊಡವರ ಒಕ್ಕದ ನೆನಪು, ಗುರುಕಾರಣರ ಪೂಜೆ, ಹಬ್ಬದ ಹಾಡು ಎಲ್ಲ ಉಳಿದಿರುವುದು ಒಕ್ಕದ ಹಿರಿಮನೆಯಾದ ಐನ್‌ಮನೆಯಲ್ಲಿ. ಮೇಝೌ ಪ್ರದೇಶದಲ್ಲೂ ಹಾಗೆಯೇ. ಯಾನ್‌ನಾನ್‌ಫೇ ತೋಟ 1990ರ ದಶಕದಲ್ಲಿ ಸ್ಥಳೀಯ ಖಾಸಗಿ ಕಂಪನಿಯೊಂದು ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೆಳೆಸಿದ್ದು. ಅದರೊಳಗಿನ ಮುಖ್ಯ ಹೋಟೆಲು ಹಕ್ಕಾ ಮನೆಯ ಬಾಗಿದ ಆಕಾರವನ್ನು ಅನುಸರಿಸಿ ಕಟ್ಟಿದ್ದು. ಕಟ್ಟಡವಾಗಿ ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಯಾವ ವಂಶದ ಹಿರಿಯರ ಹೆಸರಿನ ಫಲಕಗಳೂ ಇಲ್ಲ. ಹಕ್ಕಾ ಮನೆಯ ನಡುಮಧ್ಯದಲ್ಲಿ ಇರಬೇಕಾದದ್ದು ಆ ಫಲಕಗಳೇ.

ಹಾಗಾದರೆ ತೋಟಕ್ಕೆ ಹೋಗುವುದೇ ಬೇಡವೇ? ಹೋಗಬೇಕು. ಹಗಲು ಹೊತ್ತು ಫೋಟೊ ತೆಗೆದು ಸಂಜೆ ಹಿಂದಿರುಗುವುದಕ್ಕಿಂತ ಅಲ್ಲೇ ರಾತ್ರಿ ತಂಗುವುದು ಮೇಲು, ಅದಕ್ಕೆ ಚಹಾದಲ್ಲೇ ಕಾರಣವಿದೆ. ಇಲ್ಲಿ ಬೆಳೆಯುವುದು ಮುಖ್ಯವಾಗಿ ದಾನ್‌ಚಾಂಗ್ ಜಾತಿಯ ಊಲಾಂಗ್ ಚಹಾ. ಇದರ ಮೂಲ ನೆಲೆ ಪಕ್ಕದ ಚಾವೋಝೌ ಸೀಮೆಯ ಫೆಂಗ್‌ಹ್ವಾಂಗ್ ಬೆಟ್ಟ. ನಮ್ಮ ನೀಲಗಿರಿ, ಅಸ್ಸಾಮಿನ ತೋಟಗಳಲ್ಲಿ ಎರಡೆಲೆ ಒಂದು ಕುಡಿ ಕೀಳುತ್ತಾರೆ. ಊಲಾಂಗಿಗೆ ಚಿಗುರು ಬಿಚ್ಚಿಕೊಂಡು ಸ್ವಲ್ಪ ಬಲಿತ ಮೇಲೆ ಕೀಳಬೇಕು. ಎಳೆಯ ಕುಡಿಯಲ್ಲಿ ಆ ಪರಿಮಳ ಹುಟ್ಟುವುದಿಲ್ಲ. ಇಬ್ಬನಿ ಆರಿದ ಮೇಲೆ, ಬಿಸಿಲಿರುವ ಮಧ್ಯಾಹ್ನ ಕೊಯ್ಲು. ಸಂಜೆಯ ಎಳೆಬಿಸಿಲಿನಲ್ಲಿ ಎಲೆ ಬಾಡಿಸಿ, ಒಳಗೆ ತಂದು ಬಿದಿರಿನ ಮೊರಗಳಲ್ಲಿ ಹರಡಿ, ಒಂದೆರಡು ಗಂಟೆಗೊಮ್ಮೆ ಅಲುಗಾಡಿಸುತ್ತಾರೆ. ಅಲುಗಾಡಿಸಿದಾಗ ಎಲೆಯ ಅಂಚು ಜಜ್ಜಿ, ಗಾಳಿ ತಾಗಿ, ಅಂಚು ಕೆಂಪಾಗಿ ನಡು ಹಸಿರಾಗಿಯೇ ಉಳಿಯುತ್ತದೆ. ಈ ಕೆಲಸ ರಾತ್ರಿಯಿಡೀ ನಡೆಯುತ್ತದೆ. ಬೆಳಗಿನ ಜಾವದ ಹೊತ್ತಿಗೆ ಎಲೆಯನ್ನು ಕಾದ ಬಾಣಲೆಗೆ ಹಾಕಿ ಹುರಿದರೆ ಬದಲಾವಣೆ ನಿಲ್ಲುತ್ತದೆ. ಆಮೇಲೆ ಹೊಸೆಯುವುದು, ಕೆಂಡದ ಕಾವಿನಲ್ಲಿ ಒಣಗಿಸುವುದು. ಊಲಾಂಗಿನ ರುಚಿಯೆಲ್ಲ ಆ ಒಂದು ರಾತ್ರಿಯಲ್ಲಿ ತೀರ್ಮಾನವಾಗುವುದರಿಂದ, ಹಗಲು ಬಂದು ಹೋಗುವವರಿಗೆ ಕಾಣುವುದು ಗಿಡಗಳ ಸಾಲು ಮಾತ್ರ. ಮಾರ್ಚ್ ಕೊನೆಯಿಂದ ಮೇವರೆಗಿನ ವಸಂತದ ಕೊಯ್ಲಿಗೋ, ಅಕ್ಟೋಬರ್–ನವೆಂಬರ್‌ನ ಕೊಯ್ಲಿಗೋ ಹೊಂದಿಸಿ ಹೋಗಿ. ಕೋಣೆ ಕಾಯ್ದಿರಿಸುವಾಗ ಎರಡು ಪ್ರಶ್ನೆ ಕೇಳಿ: ಆ ವಾರ ಚಹಾ ತಯಾರಿಕೆ ನಡೆಯುತ್ತದೆಯೇ, ರಾತ್ರಿ ಅದನ್ನು ನೋಡಲು ಬಿಡುತ್ತಾರೆಯೇ? ಕೋಣೆಯ ದರದಲ್ಲಿ ತೋಟದ ಪ್ರವೇಶ ಚೀಟಿ ಸೇರಿದೆಯೇ ಎಂಬುದನ್ನೂ ಜೊತೆಗೇ ಖಚಿತಪಡಿಸಿಕೊಳ್ಳಿ.

ಚಹಾ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನೂರಾರು ವರ್ಷ ಹಳೆಯ ಮರದ ಎಲೆ ಎಂದು ಹೇಳಿ ಹೆಚ್ಚು ಬೆಲೆ ಕೇಳುವುದು ದಾನ್‌ಚಾಂಗ್ ಮಾರುಕಟ್ಟೆಯಲ್ಲಿ ಸಾಮಾನ್ಯ. ಅಂಥ ಹಳೆಯ ಮರಗಳಿರುವುದು ಫೆಂಗ್‌ಹ್ವಾಂಗ್ ಬೆಟ್ಟದಲ್ಲಿ. 1990ರ ದಶಕದಲ್ಲಿ ನೆಟ್ಟ ತೋಟದ ಗಿಡಕ್ಕೆ ಎಷ್ಟು ವಯಸ್ಸೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ತೋಟದ ಚಹಾವನ್ನು ತೋಟದ ಚಹಾವೆಂದೇ ಕೊಳ್ಳಿ. ಯಾವ ವರ್ಷ, ಯಾವ ಕೊಯ್ಲು ಎಂದು ಕೇಳಿ, ಕುಡಿದು ನೋಡಿ, ಮೂರನೆಯ ನಾಲ್ಕನೆಯ ಸಲ ನೀರು ಹಾಕಿದ ಮೇಲೂ ಪರಿಮಳ ನಿಂತರೆ ತೆಗೆದುಕೊಳ್ಳಿ.

ಚಹಾ ಮತ್ತು ಹಕ್ಕಾ ಜನರ ಸಂಬಂಧವನ್ನೂ ಪ್ರವಾಸೋದ್ಯಮ ಸರಳಗೊಳಿಸಿಬಿಟ್ಟಿದೆ. ಹಕ್ಕಾ ಚಹಾ ಎಂದೊಡನೆ ಎಲ್ಲೆಡೆ ತೋರಿಸುವುದು ಲೇಚಾ. ಗೀರುಗಳಿರುವ ಮಣ್ಣಿನ ಬೋಗುಣಿಯಲ್ಲಿ ಚಹಾ ಎಲೆ, ಎಳ್ಳು, ಶೇಂಗಾಗಳನ್ನು ಮರದ ಕೋಲಿನಿಂದ ಅರೆದು ಬಿಸಿನೀರು ಹೊಯ್ದು ಮಾಡುವ ಪಾನೀಯ ಅದು. ಅದು ನಿಜವಾದ ಹಕ್ಕಾ ಪದಾರ್ಥವೇ. ಆದರೆ ಎಲ್ಲ ಹಕ್ಕಾ ಸೀಮೆಯದೂ ಅಲ್ಲ. ಕರಾವಳಿಗೆ ಹತ್ತಿರದ ಲುಫೆಂಗ್, ಜಿಯೇಶಿ ಕಡೆಯವರಿಗೆ ಅದು ಊಟದಷ್ಟೇ ಸಹಜ. ತೈವಾನಿನ ಬೇಪುವಿನಲ್ಲಿ ಪ್ರವಾಸಿಗಳೇ ಅರೆದು ಕುಡಿಯುವ ಸಿಹಿ ಲೇಚಾ ಹೆಚ್ಚಾಗಿ ಪ್ರವಾಸಿಗಳಿಗಾಗಿಯೇ ರೂಪುಗೊಂಡದ್ದು. ಮೇಝೌ ಸುತ್ತಿನ ಮನೆಗಳಲ್ಲಿ ಬಂದವರ ಮುಂದೆ ಇಡುವುದು ಬಾಣಲೆಯಲ್ಲಿ ಹುರಿದ ಹಸಿರು ಚಹಾ. ಸ್ವಲ್ಪ ಕಹಿ, ಸುಟ್ಟ ಅಕ್ಕಿಯ ಹಾಗೆ ಒಂದು ಘಮ. ರೆಸಾರ್ಟಿನ ಪ್ರದರ್ಶನದಲ್ಲಿ ಲೇಚಾ ಅರೆದರೆ ಸಂತೋಷದಿಂದ ಅರೆಯಿರಿ. ಈ ಸೀಮೆಯ ಹಕ್ಕಾ ಮನೆಯ ಚಹಾ ಬೇಕೆಂದರೆ ಊರ ಸಂತೆಯಲ್ಲಿ ಬಿಡಿಯಾಗಿ ಸಿಗುವ ಆ ಹುರಿದ ಎಲೆಯನ್ನು ಕೊಳ್ಳಿ. ದಾನ್‌ಚಾಂಗಿಗಿಂತ ಅದು ಅಗ್ಗವೂ ಹೌದು.

ಹಕ್ಕಾ ಸಂಸ್ಕೃತಿ ತೋಟದಾಚೆಯೇ ಇದೆ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅವರ ಚರಿತ್ರೆಯೇ ಆಧಾರ. ಹಕ್ಕಾಗಳು ಚೀನಾದ ಬಹುಸಂಖ್ಯಾತ ಹಾನ್ ಜನರಲ್ಲೇ ಒಂದು ಗುಂಪು. ತಮ್ಮ ಪೂರ್ವಜರು ಉತ್ತರದ ಬಯಲಿನಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಇಳಿದು ಬಂದರೆಂಬುದು ಅವರ ನೆನಪು. 1933ರಲ್ಲಿ ಲುವೊ ಶಿಯಾಂಗ್‌ಲಿನ್ ಎಂಬ ವಿದ್ವಾಂಸರು ಇದನ್ನು ಐದು ವಲಸೆಗಳಾಗಿ ವಿಂಗಡಿಸಿ ಬರೆದರು. ಗುಡ್ಡದ ಮೂಲ ನಿವಾಸಿಗಳಾದ ಷೆ ಜನರೊಡನೆ ಆದ ಬೆರಕೆಯನ್ನು ಆ ಚಿತ್ರ ಮರೆಮಾಡುತ್ತದೆ ಎಂದು ನಂತರದವರು ತಿದ್ದಿದ್ದಾರೆ. ವಾದ ಏನೇ ಇರಲಿ, ತಡವಾಗಿ ಬಂದವರಿಗೆ ಸಿಕ್ಕಿದ್ದು ಹೊಲಕ್ಕೆ ಒಗ್ಗದ ಗುಡ್ಡ. ಜನ ಹೆಚ್ಚಿ ಭೂಮಿ ಸಾಲದಾದಾಗ ಗಂಡಸರು ಸಮುದ್ರ ದಾಟಿದರು. ಮಲಯ, ಜಾವಾ, ಸುಮಾತ್ರಾ, ಮಾರಿಷಸ್, ಕಲ್ಕತ್ತಾ ಎಲ್ಲ ಕಡೆ ಚದುರಿ, ದುಡಿದು, ಊರಿಗೆ ಹಣ ಕಳಿಸಿದರು. ಮೇಝೌ ಸೀಮೆಯ ದೊಡ್ಡ ಮನೆ, ಶಾಲೆ, ಸೇತುವೆಗಳಲ್ಲಿ ಎಷ್ಟೋ ಕಟ್ಟಿದ್ದು ಹಾಗೆ ಬಂದ ಹಣದಲ್ಲಿ. ಊರು ಬಿಡುವುದು ಮತ್ತು ಬಿಟ್ಟ ಊರಿಗೆ ಋಣ ತೀರಿಸುವುದು, ಇವೆರಡೂ ಹಕ್ಕಾ ಬದುಕಿನ ನಡುಗಂಬಗಳು. ಚಹಾ ಗಿಡದ ಸಾಲುಗಳಲ್ಲಿ ಇವು ಕಾಣುವುದಿಲ್ಲ.

ಇದು ಕಣ್ಣಿಗೆ ಕಾಣಬೇಕೆಂದರೆ ಸಾಂಗ್‌ಕೌಗೆ ಹೋಗಬೇಕು. ಅದು ಯಾನ್‌ಯಾಂಗಿನಂತೆಯೇ ಮೇಝೌಗೆ ಸೇರಿದ ಮೇಶಿಯಾನ್ ಜಿಲ್ಲೆಯ ಪೂರ್ವ ಭಾಗದಲ್ಲಿ, ಮೇ ನದಿಯ ದಂಡೆಯಲ್ಲಿರುವ ಹಳೆಯ ಪೇಟೆ. ಊರು ಬಿಡುವವರು ಇಲ್ಲಿ ದೋಣಿ ಹತ್ತಿ, ಮೇ ನದಿಯಿಂದ ಹಾನ್ ನದಿಗೆ, ಅಲ್ಲಿಂದ ಶಾಂಟೌ ಬಂದರಿಗೆ ಇಳಿದು, ಹಡಗಿನಲ್ಲಿ ಆಗ್ನೇಯ ಏಷ್ಯಾಕ್ಕೆ ಹೋಗುತ್ತಿದ್ದರು. ನದಿ ಕಟ್ಟೆಯ ಮೆಟ್ಟಿಲುಗಳು, ಮಳೆ ತಾಗದಂತೆ ಮುಂಚಾಚಿದ ಮಹಡಿಗಳ ಅಂಗಡಿ ಸಾಲು, ಹೋಗುವವರೂ ಬರುವವರೂ ತಂಗುತ್ತಿದ್ದ ಹಳೆಯ ಹೋಟೆಲು ಈಗಲೂ ಇವೆ. ಹಿಂದೂ ಮಹಾಸಾಗರದ ವಲಸೆಗಳನ್ನು ನೆನೆಯುವ ಯುನೆಸ್ಕೊ ಯೋಜನೆಯಡಿ 2013ರಲ್ಲಿ ಇಲ್ಲಿ ಒಂದು ಸ್ಮಾರಕವೂ ನಿಂತಿತು. ಸಾಂಗ್‌ಕೌನಿಂದ ಸುಮಾತ್ರಾದ ಮೆಡಾನಿಗೆ ಹೋಗಿ ಶ್ರೀಮಂತರಾದ ಝಾಂಗ್ ಸೋದರರು 1906ರಲ್ಲಿ ಚಾವೋಝೌ–ಶಾಂಟೌ ನಡುವೆ ರೈಲು ಓಡಿಸಿದರು. ಅದು ಚೀನೀ ಖಾಸಗಿ ಬಂಡವಾಳದ ಮೊದಮೊದಲ ರೈಲು ಮಾರ್ಗಗಳಲ್ಲೊಂದು. ತಮ್ಮನ ಮೆಡಾನ್ ಬಂಗಲೆ ಇವತ್ತು ವಸ್ತುಸಂಗ್ರಹಾಲಯ. ಈ ವಲಸೆಯ ಇನ್ನೊಂದು ಮುಖವನ್ನು ಮೇಝೌ ನಗರದೊಳಗೆ, ಕವಿ ಮತ್ತು ರಾಜತಾಂತ್ರಿಕ ಹುವಾಂಗ್ ಝುನ್‌ಶಿಯಾನ್ (1848–1905) ಅವರ ಮನೆಯಲ್ಲಿ ನೋಡಬೇಕು. ಅನುಮತಿಯಿಲ್ಲದೆ ಸಮುದ್ರ ದಾಟಿದವರನ್ನು ಚೀನಾದ ಕಾನೂನು ಬಹುಕಾಲ ಅಪರಾಧಿಗಳೆಂದೇ ಕಂಡಿತ್ತು. ಊರಿಗೆ ಮರಳಿದರೆ ಅಧಿಕಾರಿಗಳ ಸುಲಿಗೆ. ಸಿಂಗಪುರದಲ್ಲಿ ಕಾನ್ಸಲ್ ಜನರಲ್ ಆಗಿದ್ದ ಹುವಾಂಗ್ ಈ ಅನ್ಯಾಯವನ್ನು ವಿವರಿಸಿ ವರದಿ ಬರೆದರು. 1893ರಲ್ಲಿ ನಿಷೇಧ ಅಧಿಕೃತವಾಗಿ ರದ್ದಾಯಿತು. ಅವರ ಮನೆಯ ಹತ್ತಿರವೇ 2008ರಲ್ಲಿ ತೆರೆದ ಚೀನಾ ಹಕ್ಕಾ ವಸ್ತುಸಂಗ್ರಹಾಲಯವಿದೆ. ಪ್ರವಾಸ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ನಕ್ಷೆಗಳನ್ನು ನೋಡಿಕೊಂಡು ಹೊರಟರೆ ಆಮೇಲೆ ಸಿಗುವ ಪ್ರತಿಯೊಂದು ಮನೆಗೂ ಅರ್ಥ ಬರುತ್ತದೆ.

ಮನೆಗಳ ವಿಷಯಕ್ಕೆ ಬರೋಣ. ಈ ಸೀಮೆಯ ಮನೆಯ ಮಾದರಿಗೆ ವೇಲಾಂಗ್‌ವು ಎನ್ನುತ್ತಾರೆ. ಎದುರಿಗೆ ಅರ್ಧಚಂದ್ರಾಕಾರದ ಕೊಳ, ಅದರ ಹಿಂದೆ ಭತ್ತ ಒಣಗಿಸುವ ಕಣ, ಆಮೇಲೆ ತೊಟ್ಟಿಗಳನ್ನು ನಡುವೆ ಇಟ್ಟುಕೊಂಡು ಒಂದರ ಹಿಂದೊಂದು ಪಡಸಾಲೆಗಳು, ಎರಡೂ ಪಕ್ಕದಲ್ಲಿ ಕೋಣೆಗಳ ಸಾಲು, ಹಿಂಬದಿಯಲ್ಲಿ ಕುದುರೆ ಲಾಳದಂತೆ ಬಾಗಿ ಎಲ್ಲವನ್ನೂ ತಬ್ಬಿದ ಕೋಣೆಗಳ ಇನ್ನೊಂದು ಸಾಲು. ಕೊಳ ಬೆಂಕಿಗೆ ನೀರು, ಊಟಕ್ಕೆ ಮೀನು ಎರಡನ್ನೂ ಕೊಡುತ್ತಿತ್ತು. ಹಿಂದಿನ ಅರ್ಧವೃತ್ತದ ಒಳಗೆ ನೆಲ ಬಸಿರ ಹೊಟ್ಟೆಯ ಹಾಗೆ ಉಬ್ಬಿರುತ್ತದೆ. ಉರುಟುಗಲ್ಲು ಹಾಸಿದ ಆ ದಿಬ್ಬವನ್ನು ಸಂತಾನದ ಶಕ್ತಿ ನೆಲೆಸಿದ ಜಾಗವೆಂದು ನಂಬುತ್ತಾರೆ, ಅದರ ಬುಡದಲ್ಲಿ ಭೂದೇವತೆಯ ಐದು ಕಲ್ಲುಗಳು. ಎಲ್ಲಕ್ಕಿಂತ ಒಳಗಿನ ಪಡಸಾಲೆಯಲ್ಲಿ ಹಿರಿಯರ ಫಲಕಗಳು. ಹತ್ತಾರು ಒಲೆಗಳು ಬೇರೆ ಬೇರೆ ಉರಿದರೂ ಪೂಜೆ ಒಂದೇ ಕಡೆ. ನಗರದ ಪಶ್ಚಿಮಕ್ಕಿರುವ ನಾನ್‌ಕೌನಲ್ಲಿ ಇಂಥ ಮನೆಗಳು ಗುಂಪುಗುಂಪಾಗಿವೆ. ಇಂಡೋನೇಷ್ಯಾದ ವ್ಯಾಪಾರದಲ್ಲಿ ಗಳಿಸಿದ ಪಾನ್ ವಂಶದವರು 1904ರಲ್ಲಿ ಕಟ್ಟಿಸಿದ ನಾನ್‌ಹ್ವಾ ಯೌಲು ಎಂಬ ನೂರಕ್ಕೂ ಹೆಚ್ಚು ಕೋಣೆಗಳ ಮನೆ ಅಲ್ಲಿದೆ. ಸಮುದ್ರದಾಚೆಯ ಹಣ ಊರಲ್ಲಿ ಏನಾಯಿತು ಎಂದು ಕೇಳುವವರಿಗೆ ಆ ಮನೆಯೊಂದೇ ಸಾಕು. ದೂರವೆನಿಸಿದರೆ ಚಹಾ ತೋಟಕ್ಕೆ ಅಂಟಿಕೊಂಡೇ ಇರುವ ಕಿಯಾವೊಶಿ ಎಂಬ ಬೆಟ್ಟದ ಹಳ್ಳಿಗಾದರೂ ನಡೆದು ಹೋಗಿ. ತೊರೆಯ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಮನೆಗಳು ನಿಂತಿವೆ. ಎಲ್ಲಿಯೇ ಆದರೂ ಹಿರಿಯರ ಪಡಸಾಲೆಗೆ ಕಾಲಿಡುವ ಮುನ್ನ ಮನೆಯವರನ್ನು ಕೇಳಿ, ಹೊಸ್ತಿಲು ತುಳಿಯದೆ ದಾಟಿ, ಫಲಕಗಳ ಫೋಟೊ ಬೇಡ ಎಂದರೆ ಕ್ಯಾಮೆರಾ ಒಳಗಿಡಿ. ಅದು ಅವರ ದೇವರಮನೆ.

ಹೀಗೆ ಹೇಳಿದರೆ ರೆಸಾರ್ಟು ನಕಲಿ, ಹಳ್ಳಿ ಅಸಲಿ ಎಂದಂತಾಗುತ್ತದಲ್ಲ ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಆಕ್ಷೇಪ. ಹಳ್ಳಿಗಳ ಸ್ಥಿತಿ ನೋಡಿದರೆ ಅದಕ್ಕೆ ಬಲವೂ ಹೆಚ್ಚುತ್ತದೆ. ವೇಲಾಂಗ್‌ವುಗಳಲ್ಲಿ ಬಹಳಷ್ಟು ಇವತ್ತು ಖಾಲಿ. ಯುವಕರು ಶೆಂಝೆನ್, ಗ್ವಾಂಗ್‌ಝೌಗೆ ಹೋಗಿದ್ದಾರೆ, ಉಳಿದವರು ಪಕ್ಕದಲ್ಲಿ ಕಾಂಕ್ರೀಟ್ ಮನೆ ಕಟ್ಟಿಕೊಂಡಿದ್ದಾರೆ, ಹೆಂಚು ಜಾರಿ ಗೋಡೆ ಕರಗುತ್ತಿದೆ. ಇಂಥ ಊರಿನ ಪಕ್ಕದಲ್ಲಿ ಒಂದು ತೋಟ ಹತ್ತಾರು ಮನೆಗಳ ಮಕ್ಕಳಿಗೆ ಊರಲ್ಲೇ ಕೆಲಸ ಕೊಟ್ಟಿದ್ದರೆ ಅದನ್ನು ನಕಲಿ ಎಂದು ತಳ್ಳಿಹಾಕುವುದು ತಪ್ಪು. ಇನ್ನೊಂದು ದಿಕ್ಕಿನಿಂದ ನೋಡಿದರೆ, ದುಡ್ಡು ಗಳಿಸಿದವನು ಹುಟ್ಟೂರಿನ ಗುಡ್ಡದ ಮೇಲೆ ಕಣ್ಣು ಕುಕ್ಕುವಂಥದ್ದೊಂದನ್ನು ಕಟ್ಟುವುದು ನಾನ್‌ಕೌನ ಪಾನ್ ವಂಶದವರೂ ಮಾಡಿದ ಕೆಲಸವೇ. ಆದ್ದರಿಂದ ರೆಸಾರ್ಟನ್ನು ಹಕ್ಕಾ ಚರಿತ್ರೆಯ ಇತ್ತೀಚಿನ ಅಧ್ಯಾಯವೆಂದು ಓದಬಹುದು. ಹಾಗೆ ಓದಲು ಹಿಂದಿನ ಅಧ್ಯಾಯಗಳು ಗೊತ್ತಿರಬೇಕು, ಅಷ್ಟೆ. ನನ್ನ ತಕರಾರು ತೋಟದ ಮೇಲಲ್ಲ, ತೋಟದಲ್ಲೇ ನಿಂತುಬಿಡುವ ಪ್ರವಾಸದ ಮೇಲೆ. ಹೊರಗೆ ಹೋಗಿ ಹಳ್ಳಿಯ ಅಂಗಡಿಯಲ್ಲಿ ಉಂಡು, ಅಲ್ಲಿನ ಗಾಡಿಯನ್ನೇ ಬಾಡಿಗೆಗೆ ಹಿಡಿದರೆ ಹಣವೂ ಆ ಊರುಗಳಿಗೆ ತಲುಪುತ್ತದೆ.

ಹಕ್ಕಾ ಮನೆ ನೋಡುವುದಾದರೆ ಫುಜಿಯಾನ್ ಪ್ರಾಂತ್ಯದ ದುಂಡನೆಯ ಮಣ್ಣಿನ ಕೋಟೆಮನೆಗಳಿಗೇ ಹೋಗಬಾರದೇಕೆ ಎನ್ನುವವರೂ ಇದ್ದಾರೆ. ತುಲೌ ಎಂಬ ಆ ಮನೆಗಳಲ್ಲಿ 46 ಕಟ್ಟಡಗಳು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವು ಬೆರಗು ಹುಟ್ಟಿಸುವಂಥವು, ನಿಜ. ಆದರೆ ತುಲೌಗಳೆಲ್ಲ ಹಕ್ಕಾಗಳದಲ್ಲ. ಹುವಾಆನ್‌ನ ಹೆಸರಾಂತ ಎರ್‌ಯಿ ಲೌ ಸೇರಿದಂತೆ ಹಲವನ್ನು ಕಟ್ಟಿದವರು ದಕ್ಷಿಣ ಫುಜಿಯಾನಿನ ಮಿನ್ನಾನ್ ಮಾತಿನವರು. ಹಕ್ಕಾಗಳ ಬಹುಪಾಲು ಜನ ಎಂದೂ ತುಲೌಗಳಲ್ಲಿ ಬದುಕಿದವರೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಭಾರತಕ್ಕೆ ಬಂದ ಹಕ್ಕಾಗಳ ತವರು ಮೇಶಿಯಾನ್. ಸಮಯ ಉಳಿದರೆ ಮೇಝೌ ಆಡಳಿತಕ್ಕೇ ಸೇರಿದ ದಾಬು ಕೌಂಟಿಯ ಹ್ವಾಎ ಲೌ ಎಂಬ ದುಂಡು ಮನೆಯನ್ನು ಸೇರಿಸಿಕೊಳ್ಳಬಹುದು.

ತೋಟದ ಸಂಜೆಯ ಕಾರ್ಯಕ್ರಮಗಳಲ್ಲಿ ನೀಲಿ ಅಂಗಿಯ ಹೆಂಗಸರು ಗುಡ್ಡದ ಹಾಡು ಹಾಡುತ್ತಾರೆ. ಮೇಝೌ ಸೀಮೆಯ ಈ ಹಾಡು 2006ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿತು. ಏಳೇಳು ಅಕ್ಷರಗಳ ನಾಲ್ಕು ಸಾಲು, ಒಬ್ಬರು ಎಸೆದ ಸಾಲಿಗೆ ಇನ್ನೊಬ್ಬರು ಅಲ್ಲೇ ಹೊಸೆದು ಕೊಡುವ ಉತ್ತರ, ಇದರ ಕ್ರಮ. ಕೇಳುವಾಗ ಅದರ ಹಿನ್ನೆಲೆ ನೆನಪಿರಲಿ. ಚೀನಾದ ಇತರೆಡೆ ಹೆಣ್ಣುಮಕ್ಕಳ ಪಾದ ಕಟ್ಟುತ್ತಿದ್ದ ಕಾಲದಲ್ಲೂ ಹಕ್ಕಾ ಹೆಂಗಸರು ಪಾದ ಕಟ್ಟಿಸಿಕೊಳ್ಳಲಿಲ್ಲ. ಗಂಡಸರು ಸಮುದ್ರದಾಚೆ ಇದ್ದಾಗ ಉಳುಮೆ, ಸೌದೆ, ಹೊರೆ, ಚಹಾ ಕೊಯ್ಲು ಎಲ್ಲ ಅವರ ಮೇಲೆ. ಸೌದೆ ತರಲು ಹೋದ ಗುಡ್ಡದಲ್ಲಿ ಈ ಹಾಡುಗಳು ಬೆಳೆದವು. ಊರು ಬಿಟ್ಟ ಗಂಡನ ಹಾಡುಗಳೇ ಅದರಲ್ಲಿ ಒಂದು ದೊಡ್ಡ ಬಗೆ. ವೇದಿಕೆಯ ಮೇಲೆ ಕೇಳಿದ ಮೇಲೆ, ಬೆಳಗ್ಗೆ ಮೇಝೌನ ಉದ್ಯಾನಗಳಲ್ಲಿ ವಯಸ್ಸಾದವರು ಸೇರಿ ಹಾಡುವುದು ಸಿಕ್ಕಿದರೆ ನಿಂತು ಕೇಳಿ.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದು ಅಚ್ಚರಿ ಕಾದಿದೆ. ಬೆಂಗಳೂರಿನಿಂದ ಬೀದರಿನವರೆಗೆ ಎಲ್ಲ ಮೆನುಗಳಲ್ಲೂ ಇರುವ ಹಕ್ಕಾ ನೂಡಲ್ಸ್ ಮೇಝೌನಲ್ಲಿ ಇಲ್ಲ. ಅಲ್ಲಿನ ಬೆಳಗಿನ ತಿಂಡಿ ಯಾನ್‌ಮಿಯಾನ್: ಬೇಯಿಸಿದ ಶಾವಿಗೆಯನ್ನು ಹಂದಿ ಕೊಬ್ಬು, ಹುರಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನೊಂದಿಗೆ ಕಲಸಿದ್ದು, ಪಕ್ಕದಲ್ಲಿ ಹಂದಿ ಮಾಂಸದ ಸಾರು. ಸೋಯಾ ಸಾಸು, ಕ್ಯಾಪ್ಸಿಕಂ, ಎಲೆಕೋಸು ಹಾಕಿದ ನಮ್ಮ ನೂಡಲ್ಸ್ ರೂಪುಗೊಂಡದ್ದು ಕೋಲ್ಕತ್ತದ ಚೀನೀ ಅಡುಗೆಮನೆಗಳಲ್ಲಿ. ಕೋಲ್ಕತ್ತದ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಉದ್ಯಮ ಕಟ್ಟಿದವರು ಮೇಶಿಯಾನ್ ಸೀಮೆಯ ಹಕ್ಕಾಗಳು. ಚರ್ಮ ಮುಟ್ಟಲು ಮೇಲ್ಜಾತಿಯವರು ಹಿಂಜರಿದದ್ದೇ ಅವರಿಗೆ ದಾರಿಯಾಯಿತು. 1962ರ ಯುದ್ಧದ ನಂತರ ಭಾರತದ ಚೀನೀಯರಲ್ಲಿ ಸಾವಿರಾರು ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು, ಅನೇಕರು ದೇಶವನ್ನೇ ಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯದ ಕಾರಣಕ್ಕೆ ಚರ್ಮದ ಘಟಕಗಳನ್ನು ಸ್ಥಳಾಂತರಿಸಲು ಆದೇಶಿಸಿದ ಮೇಲೆ ಟ್ಯಾಂಗ್ರಾದ ಎಷ್ಟೋ ಕುಟುಂಬಗಳು ಹೋಟೆಲು ವ್ಯವಹಾರವನ್ನೇ ನೆಚ್ಚಿಕೊಂಡವು. ಅಮೆರಿಕದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ ಮೊದಲು ಟ್ಯಾಂಗ್ರಾದ ಕುಟುಂಬಗಳ ಬಗ್ಗೆ ಬರೆದು, ಆಮೇಲೆ ಮೇಶಿಯಾನಿನ ಒಂದು ಹಳ್ಳಿಗೆ ಹೋಗಿ ಅಲ್ಲಿನ ಊಟ ಮತ್ತು ಋಣದ ಕಲ್ಪನೆಗಳ ಮೇಲೆ ಪುಸ್ತಕಗಳನ್ನು ಬರೆದರು. ಆ ಪುಸ್ತಕಗಳನ್ನು ಹೊರಡುವ ಮುನ್ನ ಓದಿಕೊಳ್ಳುವುದು ಯಾವ ಪ್ರವಾಸಿ ಕೈಪಿಡಿಗಿಂತಲೂ ಉಪಯುಕ್ತ.

ಸಸ್ಯಾಹಾರಿಗಳ ಆಕ್ಷೇಪ ಎಲ್ಲಕ್ಕಿಂತ ಪ್ರಾಯೋಗಿಕವಾದದ್ದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಕ್ಕಾ ಅಡುಗೆಯ ಹೆಸರಾಂತ ಭಕ್ಷ್ಯಗಳೆಲ್ಲ ಮಾಂಸದವು: ಬಿಸಿ ಉಪ್ಪಿನಲ್ಲಿ ಹುಗಿದು ಬೇಯಿಸಿದ ಕೋಳಿ, ಒಣಗಿಸಿದ ಸಾಸಿವೆ ಸೊಪ್ಪಿನ ಮೇಲೆ ಬೆಂದ ಹಂದಿ ಮಾಂಸ, ಬಾಣಂತಿಯರಿಗೆ ಕೊಡುವ ಶುಂಠಿ–ಅಕ್ಕಿಮದ್ಯದ ಕೋಳಿ ಸಾರು. ತೋಫು ಕೂಡ ಹಂದಿ ಮಾಂಸ ತುಂಬಿಯೇ ಬರುತ್ತದೆ. ಬರೀ ಸೊಪ್ಪಿನ ಪಲ್ಯವನ್ನೂ ಹಂದಿ ಕೊಬ್ಬಿನಲ್ಲಿ ಮಾಡಿರಬಹುದು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು; ಕೊಬ್ಬು, ಮಾಂಸದ ಸಾರು, ಒಣ ಸೀಗಡಿ, ಆಯ್ಸ್ಟರ್ ಸಾಸ್ ಯಾವುದೂ ಬೇಡ ಎಂದು ಚೀನೀ ಅಕ್ಷರಗಳಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಇಷ್ಟಾದರೆ ಹಸಿವಿನಿಂದ ಇರಬೇಕಾಗಿಲ್ಲ. ಅಕ್ಕಿ ಹಿಟ್ಟಿನ ಕಡುಬುಗಳಲ್ಲಿ ಸಿಹಿ ಬಗೆಯವು ಹಲವಿವೆ. ಹಿರಿಯರ ಸಮಾಧಿ ಪೂಜಿಸುವ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಮಾಚಿಪತ್ರೆಯ ಜಾತಿಯ ಸೊಪ್ಪು ಸೇರಿಸಿದ ಹಸಿರು ಕಡುಬು ಸಿಗುತ್ತದೆ, ಬೇಸಿಗೆಯಲ್ಲಿ ಗಿಡಮೂಲಿಕೆ ಕುದಿಸಿ ಮಾಡಿದ ಕಪ್ಪು ಜೆಲ್ಲಿಗೆ ಜೇನು ಹಾಕಿ ಕೊಡುತ್ತಾರೆ. ನವೆಂಬರಿನಲ್ಲಿ ಹೋದರೆ ಚಕ್ಕೋತದ ಸುಗ್ಗಿ. ದೇವನಹಳ್ಳಿಯ ಚಕ್ಕೋತ ಬಲ್ಲವರಿಗೆ ಮೇಝೌನ ಈ ಹೊಂಬಣ್ಣದ, ಕಹಿಯಿಲ್ಲದ ಹಣ್ಣು ಬೇರೆಯೇ ರುಚಿ. ಊಟದ ಮಾತು ಬಿಟ್ಟರೆ, ತೋಟದ ಸುತ್ತ ನೋಡಬೇಕಾದ ಇನ್ನೊಂದು ಜಾಗವಿದೆ: ಯಾನ್‌ಯಾಂಗಿನ ಬಳಿ ಯಿನ್ನಾ ಬೆಟ್ಟದ ಬುಡದಲ್ಲಿರುವ, ತಾಂಗ್ ರಾಜವಂಶದ ಕಾಲದ ಲಿಂಗ್‌ಗ್ವಾಂಗ್ ಬೌದ್ಧ ದೇವಾಲಯ. ಅದರ ಮುಂದೆ ಎರಡು ಹಳೆಯ ಸೈಪ್ರೆಸ್ ಮರಗಳು: ಒಂದು ಹಸಿರಾಗಿದೆ, ಇನ್ನೊಂದು ಸತ್ತು ಮುನ್ನೂರು ವರ್ಷವಾದರೂ ಬೀಳದೆ ನಿಂತಿದೆ ಎನ್ನುತ್ತಾರೆ.

ಇನ್ನು ದಾರಿ. 2025ರ ಅಕ್ಟೋಬರಿನಲ್ಲಿ ಕೋಲ್ಕತ್ತ–ಗ್ವಾಂಗ್‌ಝೌ ನೇರ ವಿಮಾನ ಮತ್ತೆ ಆರಂಭವಾಯಿತು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುನ್ನ ನೋಡಿಕೊಳ್ಳಿ. ಬೆಂಗಳೂರಿನಿಂದ ಸಿಂಗಪುರ, ಹಾಂಗ್‌ಕಾಂಗ್ ಮೂಲಕವೂ ಹೋಗಬಹುದಾದರೂ ನನ್ನ ಆಯ್ಕೆ ಕೋಲ್ಕತ್ತ. ಟ್ಯಾಂಗ್ರಾದವರ ಅಜ್ಜಂದಿರು ಬಂದ ಸೀಮೆಗೆ ಟ್ಯಾಂಗ್ರಾ ನೋಡಿಯೇ ಹೋದಂತಾಗುತ್ತದೆ. ಗ್ವಾಂಗ್‌ಝೌನಿಂದ ಮೇಝೌ ಪಶ್ಚಿಮ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. 2024ರ ಸೆಪ್ಟೆಂಬರಿನಲ್ಲಿ ಮೇಝೌ–ಲಾಂಗ್‌ಚುವಾನ್ ಹೊಸ ಮಾರ್ಗ ತೆರೆದ ಮೇಲೆ ಹಾದಿ ಹತ್ತಿರವಾಗಿದೆ. ಅಲ್ಲಿಂದ ಯಾನ್‌ಯಾಂಗಿಗೆ ಬಸ್ಸು ಅಥವಾ ಟ್ಯಾಕ್ಸಿ. ವೀಸಾ ಮೊದಲೇ ಪಡೆಯಬೇಕು. ಚೀನಾ ಕೆಲವು ದೇಶದವರಿಗೆ ಕೊಡುವ ಹತ್ತು ದಿನದ ವೀಸಾರಹಿತ ಸಾಗಣೆಯ ಸೌಲಭ್ಯ ಭಾರತೀಯರಿಗಿಲ್ಲ. ಹಾಂಗ್‌ಕಾಂಗ್ ಮೂಲಕ ಹೋಗಿ ಅಲ್ಲಿ ಹೊರಗಿಳಿಯುವವರು ಆನ್‌ಲೈನಿನಲ್ಲಿ ಮುಂಚಿತ ನೋಂದಣಿ ಮಾಡಿಸಿಕೊಳ್ಳಬೇಕು. ಸಣ್ಣ ಅಂಗಡಿಯಲ್ಲೂ ಫೋನಿನ ಪಾವತಿಯೇ ರೂಢಿ; ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ಕ್ರೆಡಿಟ್ ಕಾರ್ಡನ್ನು ಊರಲ್ಲೇ ಜೋಡಿಸಿ ಪರೀಕ್ಷಿಸಿ, ಸ್ವಲ್ಪ ನಗದೂ ಇರಲಿ. ಗೂಗಲ್ ನಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಇಂಗ್ಲಿಷ್ ಬಲ್ಲವರು ಕಡಿಮೆ, ಆಫ್‌ಲೈನಿನಲ್ಲೂ ಕೆಲಸ ಮಾಡುವ ಅನುವಾದದ ಆ್ಯಪ್ ಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ, ಆಮೇಲೆ ಸೆಪ್ಟೆಂಬರ್‌ವರೆಗೆ ಸೆಕೆ ಮತ್ತು ಚಂಡಮಾರುತದ ಭಯ. ಅಕ್ಟೋಬರ್ ಎರಡನೆಯ ವಾರದಿಂದ ಡಿಸೆಂಬರ್‌ವರೆಗೆ ಹವೆ ಹಿತ. ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆ. ತೋಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೀನೀ ಹೊಸ ವರ್ಷದಲ್ಲಿ ಹೋಟೆಲು ದುಬಾರಿ, ರೈಲು ಟಿಕೆಟ್ ದುರ್ಲಭ. ಆದರೂ ಖಾಲಿ ಮನೆಗಳಿಗೆ ಜನ ಮರಳಿ, ಹಿರಿಯರ ಪಡಸಾಲೆಯಲ್ಲಿ ದೀಪ ಉರಿಯುವುದನ್ನು ನೋಡಬೇಕೆನ್ನುವವರು ಆ ಕಷ್ಟ ಪಡಬಹುದು.

ಇದನ್ನೆಲ್ಲ ಹೊಂದಿಸಿಕೊಳ್ಳುವುದು ಹೀಗೆ. ಮೊದಲ ದಿನ ಮೇಝೌ ನಗರದಲ್ಲಿ ವಸ್ತುಸಂಗ್ರಹಾಲಯ, ಹುವಾಂಗ್ ಮನೆ, ಮಧ್ಯಾಹ್ನದ ಮೇಲೆ ನಾನ್‌ಕೌ. ಎರಡನೆಯ ದಿನ ಬೆಳಗ್ಗೆ ಸಾಂಗ್‌ಕೌ, ಮಧ್ಯಾಹ್ನ ಮೂರರೊಳಗೆ ಚಹಾ ತೋಟ. ಕೊಯ್ಲಿನ ಕೊನೆಯ ಭಾಗವಾದರೂ ಸಿಗುತ್ತದೆ, ರಾತ್ರಿ ಚಹಾ ಮನೆ. ಮೂರನೆಯ ಬೆಳಗ್ಗೆ ಕಿಯಾವೊಶಿಗೆ ನಡಿಗೆ, ಲಿಂಗ್‌ಗ್ವಾಂಗ್, ಸಂಜೆಯ ರೈಲು. ಈ ಅನುಕ್ರಮವನ್ನು ತಿರುವುಮುರುವು ಮಾಡಬೇಡಿ; ಮೊದಲು ರೆಸಾರ್ಟು ಸೇರಿದವರಿಗೆ ಹೊರಗೆ ಹೋಗುವ ಮನಸ್ಸೇ ಬರುವುದಿಲ್ಲ. ಕೋಲ್ಕತ್ತದಲ್ಲಿ ಒಂದು ದಿನ ಸಿಗುವುದಾದರೆ ಅದು ಭಾನುವಾರವಾಗಿರಲಿ. ಟಿರೆಟ್ಟಾ ಬಜಾರಿನ ಚೀನೀ ತಿಂಡಿಯ ಸಂತೆ ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲೇ ಮುಗಿಯುತ್ತದೆ. ಆರು ಗಂಟೆಯ ಹೊತ್ತಿಗೆ ಅಲ್ಲಿರಿ.